ಕಲ್ಲಿನ ಬುಡದ ಇದ್ದಿಲು

ಮಂಡ್ಯದಲ್ಲಿ ಹೊಸದಾಗಿ ಪರವಾನಗಿ ಪಡೆದ ಭೂಮಾಪಕರಿಗೆ ತರಬೇತಿ ನಡೆಯುವಾಗ ನನ್ನಂಥ ನಿವೃತ್ತರನ್ನು ಒಂದು ದಿನ ಕರೆದು ಮಾತಾಡಿಸುವುದುಂಟು. ಕಳೆದ ಸಲ ಹೋದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬಳು ಎದ್ದು ನಿಂತು, “ಸರ್, ನಿಮ್ಮ ಸರ್ವೀಸಿನಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?” ಎಂದು ಕೇಳಿದಳು. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಕೊಂಡಿ ಬಿದ್ದುಹೋಗಿದ್ದ ಸರಪಳಿ ಹಿಡಿದು ಇಡೀ ದಿನ ಅಳೆದ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆದರು.

ಮದ್ದೂರಿನಲ್ಲಿ ಬಸ್ಸು ಬದಲಿಸಿ ನನ್ನೂರು ಕೊಪ್ಪಕ್ಕೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಆಕೆ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತಿದ್ದೇನೆ. ನಾನು ನಿಧಾನದ ಮನುಷ್ಯ. ಕಣ್ಣಾರೆ ನೋಡಿದ್ದನ್ನು ನೋಡಿದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತೇನೆ. ಶಿಂಷಾ ನದಿಯ ದಂಡೆಯಲ್ಲಿರುವ ಆ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ.

ಮೊದಲು ಆ ಸರಪಳಿಯ ವಿಷಯವನ್ನೇ ಮುಗಿಸುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಾವು ಕಲಿತದ್ದು ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿಯಲ್ಲಿ. ಒಂದು ಸರಪಳಿಗೆ ಹದಿನಾರು ಆಣೆ. ಹಳೆಯ ಕಾಲದವರು ಪ್ರತಿ ಜಮೀನನ್ನೂ ಅದರಲ್ಲೇ ಅಳೆದು, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಅದಕ್ಕೆ ಟಿಪ್ಪಣಿ ಎನ್ನುತ್ತೇವೆ. ಆಮೇಲೆ ಟೇಪು ಬಂತು, ಮೂರು ಕಾಲಿನ ಮೇಲೆ ನಿಲ್ಲಿಸುವ ಯಂತ್ರ ಬಂತು, ಈಗ ಉಪಗ್ರಹದ ಜೊತೆ ಮಾತಾಡುವ ರೋವರ್ ಎಂಬ ಕೋಲು ಬಂದಿದೆ. ಏನೇ ಬಂದರೂ ಅಳತೆ ಶುರುವಾಗಬೇಕಾದ್ದು ನೆಲದ ಮೇಲಿನ ಒಂದು ಕಲ್ಲಿನಿಂದಲೇ. ಆ ಕಲ್ಲು ತಪ್ಪಿದರೆ ಉಳಿದದ್ದೆಲ್ಲ ಬಹಳ ಚೊಕ್ಕವಾಗಿ ತಪ್ಪುತ್ತದೆ.

ಇದನ್ನು ನನಗೆ ಕಲಿಸಿದವರು ನಮ್ಮ ತಪಾಸಣೆಗಾರರಾಗಿದ್ದ ನಂಜುಂಡಯ್ಯನವರು. ಗಿಡ್ಡ ಆಳು, ಬಾಯಿ ಬಹಳ ಒರಟು. ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಕುರಿ ರೊಪ್ಪದ ಗೋಡೆಗಾಗಿ ಮಾತು ಬಿಟ್ಟಿದ್ದರು. ಅಳೆಯಲು ನಾವಿಬ್ಬರೂ ಹೋಗಿದ್ದೆವು. ನಾನು ಕಲ್ಲು ಕಂಡ ತಕ್ಷಣ ಸರಪಳಿಯ ಹಿಡಿಯನ್ನು ಅದಕ್ಕೆ ಸಿಕ್ಕಿಸಿದೆ. ಅವರು ಕೈಮೇಲೆ ಹೊಡೆದರು.

“ಬುಡ್ಲಾ. ಅಗೆದು ನೋಡಿದ್ಯಾ?”

“ಕಲ್ಲು ಕಾಣ್ತಾ ಇದೆಯಲ್ಲ ಸಾರ್.”

“ಕಲ್ಲು ಯಾವನು ಬೇಕಾದ್ರೂ ಕಿತ್ತು ನೆಡ್ತಾನೆ ಕಣ್ಲಾ. ನಿಮ್ಮಪ್ಪನೂ ನೆಡ್ತಾನೆ. ಬುಡದಲ್ಲಿ ಇದ್ದಿಲು ಅದಾ ನೋಡು.”

ಹಾರೆ ತೆಗೆದುಕೊಂಡು ಅವರೇ ಅಗೆದರು. ಮೊಳದಷ್ಟು ಆಳದಲ್ಲಿ ಕೆಮ್ಮಣ್ಣಿನ ನಡುವೆ ಒಂದು ಕಪ್ಪು ಪದರ ಕಂಡಿತು. ಕಲ್ಲು ನೆಡುವ ಮೊದಲು ಗುಂಡಿಗೆ ಒಂದು ಮಂಕರಿ ಇದ್ದಿಲು ಸುರಿಯುವುದು ನಮ್ಮ ಕಡೆಯ ಹಳೆಯ ಅಳತೆಗಾರರ ರೂಢಿ. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಕಲ್ಲು ಕದ್ದವನಿಗೆ ಅದು ಇದೆ ಎಂಬುದೂ ತಿಳಿದಿರುವುದಿಲ್ಲ. ನಂಜುಂಡಯ್ಯನವರು ಒಂದು ಚೂರನ್ನು ತೆಗೆದು ಅಣ್ಣನ ಅಂಗೈಗೆ ಹಾಕಿದರು. ಅವನು ಅದನ್ನು ಬಹಳ ಹೊತ್ತು ನೋಡಿ ತಮ್ಮನ ಕೈಗೆ ಕೊಟ್ಟ. ಆ ಗೋಡೆಯ ವಿಷಯ ಅಲ್ಲಿಗೆ ಮುಗಿಯಿತು. ಈ ರೂಢಿ ಯಾವ ಕೈಪಿಡಿಯಲ್ಲೂ ಇಲ್ಲ. ಅವರು ಹೇಳಿದ್ದಕ್ಕೆ ನನಗೆ ಗೊತ್ತು. ಅಂದಿನಿಂದ ಎಲ್ಲೇ ಹೋದರೂ ಅಗೆಯದೆ ನಾನು ಸರಪಳಿ ಹಿಡಿಯಲಿಲ್ಲ, ಒಂದು ಸಲ ಬಿಟ್ಟು.

ಆ ಒಂದು ಸಲದ ಹೊತ್ತಿಗೆ ನಾನು ಹಳಬನಾಗಿದ್ದೆ. ನನ್ನ ಜೊತೆ ಅಳತೆಯ ಇನ್ನೊಂದು ತುದಿ ಹಿಡಿಯುತ್ತಿದ್ದವನು ಖಾದರ್. ಮದ್ದೂರಿನಲ್ಲಿ ಅವನ ಅಣ್ಣತಮ್ಮಂದಿರೆಲ್ಲ ಮೆಕ್ಯಾನಿಕ್‌ಗಳು. ಇವನೊಬ್ಬ ಸರ್ಕಾರಿ ಕೆಲಸಕ್ಕೆ ಬಂದವನು. ಆ ಊರಿನ ತಮ್ಮಣ್ಣಗೌಡರು ಹೊಳೆಯ ಪಕ್ಕದ ತಮ್ಮ ಜಮೀನಿಗೆ ಹದ್ದುಬಸ್ತಿನ ಅರ್ಜಿ ಹಾಕಿದ್ದರು. ಎಂದರೆ, ನನ್ನ ಗಡಿ ಎಲ್ಲಿಗೆ ಮುಗಿಯುತ್ತದೆ ಗುರುತು ಮಾಡಿಕೊಡಿ ಎಂದು. ಜಮೀನು ಮಾರುವವರಿದ್ದರು. ಕೊಳ್ಳುವವರು ಬೆಂಗಳೂರಿನವರು, ಹೊಳೆ ದಂಡೆಯಲ್ಲಿ ಕಾಟೇಜು ಕಟ್ಟುವವರು.

ಜಮೀನು ರಸ್ತೆಯಿಂದ ಶುರುವಾಗಿ ಹೊಳೆಯ ಕಡೆಗೆ ಇಳಿಯುತ್ತಿತ್ತು. ಟಿಪ್ಪಣಿಯ ಪ್ರಕಾರ ರಸ್ತೆಯಂಚಿನ ಕಲ್ಲಿನಿಂದ ಹೊಳೆ ಕಡೆಯ ಕಲ್ಲಿಗೆ ಹದಿನಾಲ್ಕು ಸರಪಳಿ. ಅದರಾಚೆ ನೀರಿನವರೆಗೆ ಇದ್ದದ್ದು ಸಾರ್ವಜನಿಕ ಖರಾಬು, ಯಾರ ಸ್ವಂತದ್ದೂ ಅಲ್ಲದ ನೆಲ. ಆ ನೆಲವೇ ಊರಿನ ಮರಳು ದಂಡೆ. ಮೆಲ್ಲಗೆ ಇಳಿಯುವ ಜಾಗ, ದನಕರು ಮೈ ತೊಳೆಯುವ ಜಾಗ, ಸತ್ತವರ ಮೂರನೆಯ ದಿನ ಊರವರು ಹೋಗಿ ಮುಳುಗೆದ್ದು ಬರುವ ಜಾಗ. ನೀರಿನ ಅಂಚಿಗೆ ಐದು ಒಗೆಯುವ ಕಲ್ಲುಗಳಿದ್ದವು. ಆ ಕಲ್ಲುಗಳ ಮೇಲೆ ಬಟ್ಟೆ ಒಗೆದು ಬದುಕುತ್ತಿದ್ದದ್ದು ಮಡಿವಾಳರ ದೇವೀರಮ್ಮನ ಮನೆ.

ಹೊಳೆ ಕಡೆಯ ಗಡಿಕಲ್ಲು ಯಾವುದೋ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಪಕ್ಕದ ಜಮೀನಿನ ಕಲ್ಲಿನಿಂದ ತಾಳೆ ನೋಡೋಣವೆಂದರೆ ಅಲ್ಲಿ ಆಳೆತ್ತರದ ಕಬ್ಬು ನಿಂತಿತ್ತು. ಉಳಿದದ್ದು ರಸ್ತೆಯಂಚಿನ ಕಲ್ಲೊಂದೇ. ನೆಟ್ಟಗೆ, ಗಟ್ಟಿಯಾಗಿ, ಸರ್ಕಾರಿ ಗುರುತಿನ ಸಮೇತ ನಿಂತಿತ್ತು. ಖಾದರ್ ಹೆಗಲಿನಿಂದ ಹಾರೆ ಇಳಿಸಿದ.

ಆಗ ತಮ್ಮಣ್ಣಗೌಡರು ಬಂದರು. ರಸ್ತೆಯ ಆಚೆ ಬದಿಯಲ್ಲಿ ಅವರದೇ ಒಂದು ಚೂರು ನೆಲ, ಒಂದು ಪಂಪ್‌ಸೆಟ್ ಮನೆ, ಮೂರು ಹಳೆಯ ಗೋಣಿಮರಗಳಿದ್ದವು. ಮರದಡಿ ಚಾಪೆ ಹಾಸಿ ಅಡುಗೆ ಮಾಡಿಸಿದ್ದರು.

“ಬಂಡೂರು ಮರಿ ಸಾರ್. ನಿಮ್ಗೆ ಅಂತಾನೇ ತರ್ಸಿದ್ದು. ಮುದ್ದೆ ಆರೋಯ್ತದೆ, ಉಂಡ್ಬುಟ್ಟು ಅಳೀರಿ.”

“ಒಂದು ಸ್ವಲ್ಪ ಅಗೆದು ನೋಡಿ ಬರ್ತೀವಿ ಗೌಡ್ರೇ.”

“ಅದೇನ್ ಅಗೀತೀರಿ? ಕಲ್ಲು ಅಲ್ಲೇ ಅದೆ, ಎಲ್ಲಿಗೋಯ್ತದೆ? ನಾನೇನ್ ಕಿತ್ತಾಕಿದ್ನಾ?”

ಹೊಟ್ಟೆ ಹಸಿದಿತ್ತು. ಮಸಾಲೆಯ ವಾಸನೆ ರಸ್ತೆ ದಾಟಿ ಬರುತ್ತಿತ್ತು. ನಾನು ಯಾರಿಂದಲೂ ಒಂದು ಲೋಟ ಕಾಫಿಗೆ ಮೀರಿ ಏನನ್ನೂ ಮುಟ್ಟಿದವನಲ್ಲ ಎಂಬ ಹೆಮ್ಮೆ ನನಗಿತ್ತು. ಊಟ ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಸೀಮೆಯಲ್ಲಿ ಉಣ್ಣಲು ಕರೆದವರಿಗೆ ಇಲ್ಲ ಎನ್ನುವುದು ಬೈದ ಹಾಗೆ. “ಬಾ ಖಾದರ್, ಆಮೇಲೆ ನೋಡೋಣ” ಎಂದೆ. ಖಾದರ್ ನನಗಾಗಿ ಬಂದ. ಅವನು ಹೊರಗಿನ ಮಾಂಸ ಮುಟ್ಟುತ್ತಿರಲಿಲ್ಲ. ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ತಿಂದು, ಹಾರೆಯ ಪಕ್ಕದಲ್ಲೇ ಕೂತಿದ್ದ.

ಉಂಡ ಮೇಲೆ ಅಗೆಯುವುದು ಮರೆತೇಹೋಯಿತು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ನೆನಪಿತ್ತು. ಆದರೆ ಬಾಳೆಲೆಯ ಮುಂದೆ ಕೂತು ಉಪಚಾರ ಮಾಡಿಸಿಕೊಂಡ ಮೇಲೆ ಆ ಮನುಷ್ಯನ ಎದುರಿಗೇ ಅವನ ಕಲ್ಲನ್ನು ಅನುಮಾನಿಸಲು ಸಂಕೋಚವಾಯಿತು. ಟೇಪು ಹಿಡಿದೆವು.

ಹದಿನಾಲ್ಕು ಸರಪಳಿ ಮುಗಿದದ್ದು ಒಗೆಯುವ ಕಲ್ಲುಗಳ ಹತ್ತಿರ. ಇನ್ನೆರಡು ಹೆಜ್ಜೆ ಇಟ್ಟರೆ ನೀರು. ನಾನು ನಡುವಿನ ಕಲ್ಲಿನ ಮೇಲೆ ಸುಣ್ಣದ ಗುರುತು ಹಾಕಿದೆ. ದೇವೀರಮ್ಮ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಒಗೆಯುವುದನ್ನು ನಿಲ್ಲಿಸಿ ಕೇಳಿದಳು.

“ಅದ್ಯಾಕ್ ಬುದ್ದಿ ನಮ್ ಕಲ್ ಮೇಲೆ ಸುಣ್ಣ ಬಳೀತೀರಿ? ಬಟ್ಟೆಗೆಲ್ಲ ಅತ್ಕೊತದೆ.”

“ಗಡಿ ಇಲ್ಲಿಗೆ ಬರ್ತದೆ ಕಣಮ್ಮ.”

“ಯಾರ್ ಗಡಿ?”

“ಗೌಡರದು.”

ಅವಳು ನಕ್ಕಳು. ಕೈಯಲ್ಲಿದ್ದ ಪಂಚೆಯಿಂದಲೇ ಮೇಲೆ ತೋರಿಸಿದಳು. “ಗೌಡ್ರ ಒಲ ಆ ಉಣಸೇಮರದ ತಾವ್ಲೇ ಮುಗೀತದೆ. ನಮ್ಮತ್ತೆ ಕಾಲದಿಂದ್ಲೂ ಅಂಗೇಯ. ನೀವ್ ಬೇರೆ ಯಾವ್ದೋ ಊರಿನ್ ಕಾಗ್ದ ತಂದಿರ್ಬೇಕು, ನೋಡ್ಕಳಿ.”

“ಟಿಪ್ಪಣಿ ಹೇಳಿದ ಹಾಗೆ ನಾವು. ನಮ್ಮದೇನಿಲ್ಲ.”

“ಅದ್ಯಾರೋ ಟಿಪ್ಪಣಿ, ಅವ್ನ್ ಒಂದಿನಾನಾದ್ರೂ ಇಲ್ಲಿ ಬಟ್ಟೆ ಒಗ್ದವ್ನಾ?” ಎಂದಳು. ಖಾದರ್ ನಕ್ಕ. ನಾನೂ ನಕ್ಕೆ. ಅದು ನಗುವ ಮಾತಲ್ಲ ಎಂದು ತಿಳಿಯಲು ನನಗೆ ವರ್ಷಗಳು ಹಿಡಿದವು. ಹುಣಸೇಮರ ಸುಣ್ಣದ ಗುರುತಿನಿಂದ ಸುಮಾರು ಎರಡು ಸರಪಳಿ ಮೇಲಿತ್ತು. ನಾನು ಅದನ್ನು ಅಳೆಯಲಿಲ್ಲ. ನಕ್ಷೆಗೆ ಸಹಿ ಹಾಕಿದೆ.

ಮುಂದಿನದು ನಿಮಗೆ ಊಹೆಗೆ ಬರುತ್ತದೆ. ಜಮೀನು ಮಾರಾಟವಾಯಿತು. ಮುಳ್ಳುತಂತಿ ಬಂತು, ಆಮೇಲೆ ಅದರ ಜಾಗದಲ್ಲಿ ಹಸಿರು ಬಳಿದ ಕಬ್ಬಿಣದ ಬೇಲಿ. ಎಂಟು ಕಾಟೇಜುಗಳೆದ್ದವು. ಗೇಟಿನ ಮೇಲೆ ಬೋರ್ಡು ಹಾಕಿದರು: ‘ಪ್ರೈವೇಟ್ ಬೀಚ್, ಅತಿಥಿಗಳಿಗೆ ಮಾತ್ರ’. ಬಸ್ಸಿನಿಂದ ಅದನ್ನು ಓದಿ ಖಾದರ್ ನನಗೆ ಹೇಳಿದ: “ಸಾರ್, ಸಮುದ್ರ ಮದ್ದೂರಿಗೆ ಯಾವಾಗ ಬಂತು? ನಮ್ಗೆ ಒಂದ್ ಮಾತು ಹೇಳ್ಲೇ ಇಲ್ಲ.”

ಊರವರು ನಮ್ಮ ಕಚೇರಿಗೆ ಬಂದರು. ದೇವೀರಮ್ಮನೂ ಬಂದಿದ್ದಳು. ನಾನು ಅವರಿಗೆ ಹೇಳಿದ ಮಾತು ಅಕ್ಷರಶಃ ನೆನಪಿದೆ: “ಅಳತೆ ಕ್ರಮವಾಗಿ ಆಗಿದೆ. ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಹಾಕಿ.” ಇದು ನೀವೂ ಮುಂದೆ ನೂರಾರು ಸಲ ಹೇಳಲಿರುವ ಮಾತು. ಹೇಳುವಾಗ ಎದುರಿಗಿರುವವರ ಮುಖ ನೋಡಿ. ನಾನು ಕಡತ ನೋಡುತ್ತಿದ್ದೆ.

ದಂಡೆ ಮುಚ್ಚಿದ ಮೇಲೆ ದೇವೀರಮ್ಮ ಒಗೆಯಲು ಹೊಳೆಯ ಮೇಲ್ಗಡೆಗೆ ಹೋಗತೊಡಗಿದಳು. ಅಲ್ಲಿ ಮರಳು ಲಾರಿಗಳು ಇಳಿದು ಹೊಳೆಯ ಪಾತ್ರವನ್ನು ತೋಡಿದ್ದವು. ಮೇಲೆ ನೀರು ಸಮನಾಗಿ ಕಾಣುತ್ತದೆ, ಕೆಳಗೆ ಗುಂಡಿ. ಒಂದು ಬೆಳಿಗ್ಗೆ ನೆನೆದ ಜಮಖಾನವೊಂದನ್ನು ಎಳೆಯುವಾಗ ಅವಳು ಜಾರಿದಳಂತೆ. ಇದು ನಾನು ಕೇಳಿದ್ದು. ಜೊತೆಗೆ ಯಾರೂ ಇರಲಿಲ್ಲ.

ನಾನು ನೋಡಿದ್ದು ಮರುದಿನದ್ದು. ಸಾವಿನ ಸ್ಥಳದ ನಕ್ಷೆ ಬೇಕಾದಾಗ ಪೊಲೀಸರು ಸರ್ವೆಯವರಿಗೆ ಬರೆಯುತ್ತಾರೆ. ಆ ದಿನ ಕಚೇರಿಯಲ್ಲಿದ್ದವನು ನಾನು. ಖಾದರ್ ಮತ್ತು ನಾನು ಹೋದೆವು. ಬಟ್ಟೆಯ ಗಂಟು ಇನ್ನೂ ದಡದಲ್ಲೇ ಇತ್ತು. ಒಗೆದವು ಒಂದು ಕಡೆ, ಒಗೆಯಬೇಕಾದವು ಒಂದು ಕಡೆ. ದೇವೀರಮ್ಮನ ಮಗಳು ಸವಿತಾ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಒದ್ದೆ ಬಟ್ಟೆಗಳು. ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು.

ನಕ್ಷೆಗೆ ಒಂದು ಸ್ಥಿರವಾದ ಗುರುತು ಬೇಕು. ಕಾಟೇಜಿನ ಬೇಲಿಯ ಮೂಲೆಯಿಂದ ಗುಂಡಿಯ ಅಂಚಿಗೆ ಅಳೆದೆವು. ಹನ್ನೊಂದು ಸರಪಳಿ, ಮೂರು ಆಣೆ. ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿತ್ತು. ಬೇಲಿಯ ಆ ಮೂಲೆಯನ್ನು ಅಲ್ಲಿಟ್ಟವನು ನಾನೇ ಎಂದು ಆಗ ಹೊಳೆಯಿತು. ಆದರೂ ಆ ಕ್ಷಣಕ್ಕೆ ನನಗೆ ಅಳತೆಯ ಮೇಲೆ ಅನುಮಾನವಿರಲಿಲ್ಲ. ನ್ಯಾಯವಾಗಿಯೇ ಇಟ್ಟ ಗಡಿ, ಏನು ಮಾಡಲು ಬರುತ್ತದೆ ಎಂದುಕೊಂಡೆ.

ಬೇಲಿಯ ಮೂಲೆಯನ್ನು ರಸ್ತೆಗೆ ಜೋಡಿಸಲು ಮೇಲಕ್ಕೆ ನಡೆದೆವು. ಮೊದಲ ಸಲ ನಾನು ರಸ್ತೆಯಿಂದ ಹೊಳೆಗೆ ಇಳಿದಿದ್ದೆ. ಈ ಸಲ ಹೊಳೆಯಿಂದ ರಸ್ತೆಗೆ ಹತ್ತುತ್ತಿದ್ದೆ. ಹಾಗೆ ಹತ್ತುವಾಗ ಎದುರಿಗೆ ಆ ಮೂರು ಗೋಣಿಮರಗಳು ಕಂಡವು. ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ. ತಾವಾಗಿ ಬೆಳೆದ ಮರ ಹಾಗೆ ನಿಲ್ಲುವುದಿಲ್ಲ. ಸಾಲುಮರವನ್ನು ನೆಡುವುದು ರಸ್ತೆಗೆ. ಆದರೆ ರಸ್ತೆ ಇದ್ದದ್ದು ಅವುಗಳಿಂದ ಈಚೆಗೆ, ಹೊಳೆಯ ಕಡೆಗೆ.

ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕನನ್ನು ಕೇಳಿದೆ.

“ಅದಾ? ಅಳೇ ರೋಡು ಆ ಮರದ್ ಪಕ್ಕ್‌ದಲ್ಲೇ ಓಯ್ತಿತ್ತು ಸಾಮಿ. ಇಲ್ಲೊಂದ್ ದೊಡ್ಡ್ ತಿರುವಿತ್ತು. ಬಸ್ಸು ಮಗುಚ್ಕತ್ತವೆ ಅಂತ ನ್ಯಾರ ಮಾಡುದ್ರು.”

“ಈ ಕಲ್ಲು?”

“ಕೆಲಸ್‌ದೋರು ಕಿತ್ತು ಒಂದ್ಕಡೆ ಒರಗ್ಸಿದ್ರು. ಆಮೇಕೆ ಯಾರೋ ಪುಣ್ಯಾತ್ಮ ಒಸಾ ರೋಡ್ ಪಕ್ಕ ನೆಟ್ಟ. ಬೀಳ್ದಂಗೆ ಸಿಮೆಂಟ್ ಬೇರೆ ಆಕವ್ನೆ.”

ಖಾದರ್ ನನ್ನ ಮುಖ ನೋಡಲಿಲ್ಲ. ಕಲ್ಲಿನಿಂದ ಮರಗಳ ಸಾಲಿಗೆ ಅವನೇ ಟೇಪು ಎಳೆದ. ಎರಡು ಸರಪಳಿ. ರಸ್ತೆ ಎರಡು ಸರಪಳಿ ಸರಿದಿತ್ತು, ಕಲ್ಲು ಅದರ ಜೊತೆ ಸರಿದಿತ್ತು, ಕಲ್ಲಿನ ಜೊತೆ ನನ್ನ ಹದಿನಾಲ್ಕು ಸರಪಳಿಯೂ ಸರಿದು ಹುಣಸೇಮರ ದಾಟಿ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಿತ್ತು. ತಮ್ಮಣ್ಣಗೌಡರಿಗೆ ಇದು ಗೊತ್ತಿತ್ತೇ? ಕಲ್ಲು ಕಿತ್ತವರು ಅವರಲ್ಲ. ಅವರು ಸುಳ್ಳು ಹೇಳಲಿಲ್ಲ. ಹೇಳಬೇಕಾದ್ದನ್ನೂ ಹೇಳಲಿಲ್ಲ. ನಾನು ಅವರನ್ನು ಕೇಳಿರಲಿಲ್ಲ. ಅಗೆಯುವುದೆಂದರೆ ನೆಲವನ್ನು ಕೇಳುವುದು. ಅದನ್ನೂ ನಾನು ಕೇಳಿರಲಿಲ್ಲ.

ಆಗ ನನ್ನ ಮೇಲಿದ್ದ ಅಧಿಕಾರಿಗೆ ವಿಷಯ ತಿಳಿಸಿದೆ. ಒಳ್ಳೆಯ ಮನುಷ್ಯ, ಹೆದರಿಕೆಯ ಮನುಷ್ಯ. ಬಾಗಿಲು ಮುಂದೆ ಮಾಡಿ, “ಬಾಯಲ್ಲಿ ಹೇಳಿದ್ರಿ, ಕೇಳಿದೆ. ಕಾಗದದಲ್ಲಿ ಕೊಟ್ಟರೆ ನಾನು ಏನಾದರೂ ಮಾಡಲೇಬೇಕಾಗ್ತದೆ. ನಿಮ್ಮ ನಿವೃತ್ತಿಗೆ ಒಂದು ವರ್ಷವಿದೆ. ಯೋಚನೆ ಮಾಡಿ” ಎಂದರು. ನಾನು ಯೋಚನೆ ಮಾಡಿದೆ. ಒಂದು ವರ್ಷ ಯೋಚನೆ ಮಾಡಿದೆ. ಹಾರ ಹಾಕಿಸಿಕೊಂಡು ಮನೆಗೆ ಬಂದೆ.

ಸವಿತಾ ಆ ಹೊತ್ತಿಗೆ ಮದ್ದೂರಿನಲ್ಲಿ ಒಂದು ಇಸ್ತ್ರಿ ಅಂಗಡಿ ಇಟ್ಟಿದ್ದಳು. ಊರವರ ಜೊತೆ ಸೇರಿ ಕಾಟೇಜಿನವರ ಮೇಲೆ ದಾವೆ ಹಾಕಿದ್ದಳು: ದಂಡೆ ಸಾರ್ವಜನಿಕರದು, ಬಿಡಿಸಿಕೊಡಿ ಎಂದು. ಅವಳ ಕೈಯಲ್ಲಿ ಆಧಾರವೇನೂ ಇರಲಿಲ್ಲ. ಎದುರು ಪಕ್ಷದ ಕೈಯಲ್ಲಿ ನನ್ನ ಸಹಿಯಿದ್ದ ನಕ್ಷೆ ಇತ್ತು.

ಖಾದರ್ ಒಂದು ದಿನ ಬೈಕಿನಲ್ಲಿ ಕೊಪ್ಪಕ್ಕೆ ಬಂದ. ಕೊಟ್ಟ ನೀರನ್ನೂ ಕುಡಿಯದೆ ಹೇಳಿದ: “ಸಾರ್, ಅವತ್ತು ನಾನು ಹಾರೆ ತಂದಿದ್ದೆ. ಊಟ ಮಾಡುವಾಗ್ಲೂ ಪಕ್ಕದಲ್ಲೇ ಇಟ್ಕೊಂಡಿದ್ದೆ, ನೀವು ಕೇಳ್ತೀರಿ ಅಂತ. ನಿಮ್ಗೂ ಗೊತ್ತು, ನಂಗೂ ಗೊತ್ತು. ಆ ಹೆಣ್ಣುಮಗಳಿಗೆ ಮಾತ್ರ ಗೊತ್ತಿಲ್ಲ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ. ಆದ್ರೆ ನಾನು ಟೇಪು ಹಿಡಿಯೋನು. ನನ್ನ ಮಾತು ಯಾರು ಕೇಳ್ತಾರೆ?”

ಮರುದಿನ ನಾನು ಸವಿತಾಳ ಅಂಗಡಿಗೆ ಹೋದೆ. ಒಂದು ಅಂಗಿ ಇಸ್ತ್ರಿಗೆ ಕೊಟ್ಟು, ಮಾತಾಡದೆ ಬಂದೆ. ಎರಡು ದಿನ ಬಿಟ್ಟು ಅದನ್ನು ತೆಗೆದುಕೊಂಡು ಇನ್ನೊಂದು ಕೊಟ್ಟೆ. ಮೂರನೆಯ ಸಲ ಹೋದಾಗ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು.

“ಸಾರ್, ಅಂಗಿ ತಕ್ಕೊಂಡೋಗಕ್ ಬತ್ತೀರಾ, ಇಲ್ಲಾ ಏಳಕ್ಕೇನಾರಾ ಅದಾ? ನೀವ್ ಸರ್ವೇ ಸಾರ್ ಅಂತ ನಂಗ್ ಮೊದ್ಲೇ ಗೊತ್ತು.”

ಹೇಳಿದೆ. ಕಲ್ಲು, ರಸ್ತೆ, ಗೋಣಿಮರ, ಎರಡು ಸರಪಳಿ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಏಕೆ ಅಗೆಯಲಿಲ್ಲ ಎಂಬುದನ್ನೂ ಹೇಳಿದೆ. ಕೊನೆಗೆ, “ಇದ್ನ ಕೋರ್ಟಲ್ ಏಳ್ತೀರಾ?” ಎಂದಳು.

“ಹೇಳ್ತೀನಿ. ನನ್ನ ಹೆಸರು ಸಾಕ್ಷಿಪಟ್ಟಿಗೆ ಹಾಕಿಸು.”

“ಊಟದ ಇಚಾರಾನೂವೆ?”

“ಅದನ್ನೂ.”

ಅವಳು ಅಂಗಿ ಮಡಿಸಿ ಕೊಟ್ಟಳು.

ಸಾಕ್ಷಿ ಕಟ್ಟೆಯಲ್ಲಿ ಅದಕ್ಕೆ ಮೊದಲು ನಾನು ಎಷ್ಟೋ ಸಲ ನಿಂತಿದ್ದೆ, ಯಾವಾಗಲೂ ನನ್ನ ನಕ್ಷೆಯ ಪರವಾಗಿ. ನನ್ನದೇ ನಕ್ಷೆಯ ವಿರುದ್ಧ ನಿಂತದ್ದು ಅದೊಂದು ಸಲ. ಕಾಟೇಜಿನವರ ವಕೀಲರು ಚುರುಕು.

“ಅಂದರೆ ತಾವು ಹೇಳುವುದು, ಒಂದು ಬಾಡೂಟಕ್ಕಾಗಿ ತಪ್ಪು ಅಳತೆ ಕೊಟ್ಟಿರಿ ಎಂದು?”

“ಊಟಕ್ಕಾಗಿ ಕೊಡಲಿಲ್ಲ. ಊಟದಿಂದಾಗಿ ಅಗೆಯಲಿಲ್ಲ. ಅಗೆಯದಿದ್ದರಿಂದ ಅಳತೆ ತಪ್ಪಾಯಿತು.”

“ಚೆನ್ನಾಗಿತ್ತೇ ಊಟ?”

ಹಿಂದೆ ಕೂತಿದ್ದವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ, ತಲೆಯೆತ್ತಿ ನನ್ನ ಉತ್ತರಕ್ಕೆ ಕಾದರು. “ಚೆನ್ನಾಗಿತ್ತು” ಎಂದೆ. ಅದನ್ನೂ ಬರೆಸಿಕೊಂಡರು. ಆ ಸಾಲು ಇಂದಿಗೂ ಆ ಕಡತದಲ್ಲಿದೆ. ನನ್ನ ಮೇಲೆ ಇಲಾಖೆಯಿಂದ ನೋಟೀಸು ಬಂತು, ವಿಚಾರಣೆ ನಡೆಯಿತು. ಆ ಬಗ್ಗೆ ಇಲ್ಲಿ ಬರೆಯುವಂಥದ್ದೇನಿಲ್ಲ. ಆಗಬೇಕಾದ್ದೇ ಆಯಿತು.

ನ್ಯಾಯಾಲಯ ಮರು ಅಳತೆಗೆ ಆಜ್ಞೆ ಮಾಡಿತು. ಬಂದವಳು ಅಂಬಿಕಾ ಎಂಬ ಕಿರಿಯ ಭೂಮಾಪಕಿ. ಎರಡೂ ಪಕ್ಷದವರು ಹಾಜರಿದ್ದರು; ಜಾಗ ತೋರಿಸಲು ನನ್ನನ್ನೂ ಕರೆಸಿದ್ದರು. ಅವಳು ರೋವರ್ ಕೋಲನ್ನು ತಂದು ಅದೇ ಕಲ್ಲಿನ ತಲೆಯ ಮೇಲಿಟ್ಟಳು. ಯಂತ್ರ ಕೂಗಿತು.

“ಬೆರಳಗಲದಷ್ಟೂ ವ್ಯತ್ಯಾಸ ಬರಲ್ಲ ಸರ್ ಇದರಲ್ಲಿ” ಎಂದಳು, ಹೆಮ್ಮೆಯಿಂದ.

“ಬರಲ್ಲಮ್ಮ. ಆದರೆ ಕಲ್ಲು ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಿಲ್ಲ” ಎಂದೆ. ಇದ್ದಿಲಿನ ವಿಷಯ ಹೇಳಿದೆ. ಅವಳು ಕೇಳಿರಲಿಲ್ಲ. ಆದರೆ ನನ್ನನ್ನು ತಳ್ಳಿಹಾಕಲಿಲ್ಲ. ಕೋಲನ್ನು ಇಳಿಸಿ, ಪಂಚನಾಮೆಯ ಹಾಳೆ ತೆಗೆದು, ಗಡಿಯಾರ ನೋಡಿ ವೇಳೆ ಬರೆದಳು. ಖಾದರ್ ತನ್ನ ಹಳೆಯ ಹಾರೆಯನ್ನೇ ತಂದಿದ್ದ. ಸಿಮೆಂಟು ಒಡೆದು ಕಲ್ಲಿನ ಬುಡ ಬಿಡಿಸಿದ. ಜಲ್ಲಿ, ಟಾರಿನ ಚೂರು, ಆಮೇಲೆ ಗಟ್ಟಿ ನೆಲ. ಇದ್ದಿಲು ಇರಲಿಲ್ಲ. ಅಂಬಿಕಾ ಮತ್ತೆ ವೇಳೆ ಬರೆದಳು.

ಆಮೇಲೆ ರಸ್ತೆ ದಾಟಿ ಗೋಣಿಮರಗಳ ಬಳಿ ಹೋದೆವು. ಪಕ್ಕದ ಜಮೀನಿನ ಕಬ್ಬು ಕಟಾವಾಗಿತ್ತು. ಅಲ್ಲಿನ ಹಳೆಯ ಕಲ್ಲಿನಿಂದ ರೇಖೆ ಎಳೆದು ಅಂಬಿಕಾ ಒಂದು ಜಾಗ ತೋರಿಸಿದಳು. ಪಂಪ್‌ಸೆಟ್ ಮನೆಯ ಗೋಡೆಗೂ ಮೂರನೆಯ ಮರಕ್ಕೂ ನಡುವೆ. ನಮಗೆ ಚಾಪೆ ಹಾಸಿದ್ದದ್ದು ಅಲ್ಲಿಯೇ. ಬೇರುಗಳಿದ್ದುದರಿಂದ ಅಗೆಯುವುದು ನಿಧಾನವಾಯಿತು. ಮೊಳಕ್ಕಿಂತ ಸ್ವಲ್ಪ ಕೆಳಗೆ ಹಾರೆಯ ತುದಿ ಕಪ್ಪಾಗಿ ಬಂತು. ಖಾದರ್ ಮಂಡಿಯೂರಿ ಕೈಯಿಂದ ಮಣ್ಣು ಸರಿಸಿದ. ಒಂದು ಮಂಕರಿಯಷ್ಟು ಇದ್ದಿಲು, ನಿನ್ನೆ ಸುರಿದ ಹಾಗೆ. ಅಂಬಿಕಾ ಕೋಲನ್ನು ಅದರ ನಡುವೆ ನಿಲ್ಲಿಸಿ ಹೊಳೆಯ ಕಡೆಗೆ ಹದಿನಾಲ್ಕು ಸರಪಳಿ ಲೆಕ್ಕ ಹಾಕಿದಳು. ಅದು ಹುಣಸೇಮರದ ಬುಡಕ್ಕೆ ಹೋಗಿ ನಿಂತಿತು. ದೇವೀರಮ್ಮ ಪಂಚೆಯಿಂದ ತೋರಿಸಿದ್ದ ಜಾಗ.

ತಮ್ಮಣ್ಣಗೌಡರು ಅಲ್ಲಿದ್ದರು. ಇದ್ದಿಲನ್ನು ಬಗ್ಗಿ ನೋಡಿ, “ನಂಗೇನ್ ಗೊತ್ತು ಇದು ಇಲ್ಲಿ ಉದುಗ್ಕಂಡದೆ ಅಂತ” ಎಂದರು. ಅದು ನಿಜವೂ ಇರಬಹುದು.

ತೀರ್ಪು ಬಂದು ಈಗ ಬೇಲಿ ಹುಣಸೇಮರಕ್ಕೆ ಹಿಂದೆ ಸರಿದಿದೆ. ಮೇಲಿನ ನ್ಯಾಯಾಲಯದಲ್ಲಿ ಕಾಟೇಜಿನವರ ಅಪೀಲು ಇನ್ನೂ ಇದೆ. ಅದು ಏನಾಗುತ್ತದೋ ನನಗೆ ತಿಳಿಯದು. ಒಗೆಯುವ ಕಲ್ಲುಗಳಲ್ಲಿ ಎರಡನ್ನು ಅವರು ಕಿತ್ತು ಈಜುಕೊಳದ ಪಕ್ಕ ಕೂರುವ ಕಟ್ಟೆ ಮಾಡಿಕೊಂಡಿದ್ದರು. ಊರವರು ಟ್ರ್ಯಾಕ್ಟರಿನಲ್ಲಿ ಹೇರಿ ತಂದು ಅವನ್ನು ಮತ್ತೆ ನೀರಿನಂಚಿಗೆ ಇಳಿಸಿದರು. ಇಳಿಸುವ ದಿನ ನಾನೂ ಹೋಗಿದ್ದೆ, ದೂರ ನಿಂತಿದ್ದೆ.

ಊರವರೆಲ್ಲ ಹೋದ ಮೇಲೆ ಸವಿತಾ ಒಂದು ಸಣ್ಣ ಗಂಟು ಹಿಡಿದು ದಂಡೆ ಇಳಿದು ಬಂದಳು. ನನ್ನನ್ನು ಕಂಡು ನಿಂತಳು.

“ಆ ಪಂಚನಾಮೆ ಕಾಪಿ ನಮ್ ಲಾಯರ್ ಕೊಟ್ರು ಸಾರ್. ಓದ್ದೆ. ರೋಡ್ ಕಲ್ಲು ಅಗಿಯಾಕೆ ಸುರು ಮಾಡಿದ್ದು ಅನ್ನೊಂದ್ ಇಪ್ಪತ್ತಕ್ಕೆ. ಏನೂ ಇಲ್ಲ ಅಂತ ಬರ್ದಿದ್ದು ಅನ್ನೊಂದ್ ನಲವತ್ತೈದಕ್ಕೆ.”

“ಹೌದು.”

“ಇಪ್ಪತ್ತೈದು ನಿಮಿಷ.”

“ಹೌದು ಕಣಮ್ಮ.”

“ಅವತ್ತು ನಿಮ್ ಊಟಕ್ಕೆ ಎಷ್ಟೊತ್ತಾಗಿತ್ತು?”

ನಾನು ನೆನಪು ಮಾಡಿಕೊಂಡೆ. ತಪ್ಪು ಹೇಳಬಾರದೆಂದು ಇನ್ನೊಂದು ಸಲ ನೆನಪು ಮಾಡಿಕೊಂಡೆ.

“ಮುಕ್ಕಾಲು ಗಂಟೆ” ಎಂದೆ.

ಅವಳು ತಲೆಯಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುವಿನ ಕಲ್ಲಿನ ಮೇಲೆ ಗಂಟು ಇಟ್ಟು, ನೀರಿಗೆ ಇಳಿದಳು.